ಉಪನಗರದಲ್ಲಿ ಒಂದು ಬೆಡ್‌ರೂಮಿನ ಬಾಡಿಗೆ ಮನೆ: ಹುಡುಕಾಟದಿಂದ ಬೀಗದ ಕೈವರೆಗೆ

ದೊಡ್ಡ ನಗರದೊಳಗೆ ಕೈಗೆಟುಕದ ಬಾಡಿಗೆ ಉಪನಗರಕ್ಕೆ ಬಂದರೆ ಇಳಿಯುತ್ತದೆ. ಬಹಳಷ್ಟು ಜನ ಅಲ್ಲಿ ಮನೆ ಹುಡುಕಲು ಹೊರಡುವುದೇ ಈ ಕಾರಣಕ್ಕೆ. ಆದರೆ ಉಳಿಯಿತು ಅಂದುಕೊಂಡ ಹಣದಲ್ಲಿ ಒಂದು ಪಾಲು ಪ್ರಯಾಣದ ಖರ್ಚಿಗೆ ಹೋಗುತ್ತದೆ, ಇನ್ನೊಂದು ಪಾಲನ್ನು ನಾವು ಸಮಯದ ರೂಪದಲ್ಲಿ ಕಟ್ಟುತ್ತೇವೆ. ಕೆಲಸಕ್ಕೆ ಹೋಗಲು 40 ನಿಮಿಷ, ಬರಲು 40 ನಿಮಿಷ ಹೆಚ್ಚಾಯಿತು ಅನ್ನಿ. ತಿಂಗಳಿಗೆ 22 ಕೆಲಸದ ದಿನ ಎಂದು ಹಿಡಿದರೂ 29 ಗಂಟೆಗೂ ಹೆಚ್ಚು ಹೊತ್ತು ರಸ್ತೆಯಲ್ಲೇ ಕಳೆದುಹೋಗುತ್ತದೆ. ಎಂಟು ಗಂಟೆಯ ಲೆಕ್ಕದಲ್ಲಿ ಅದು ಮೂರೂವರೆ ದಿನದ ದುಡಿಮೆಗಿಂತ ಜಾಸ್ತಿ.

ಅದಕ್ಕೇ ಉಪನಗರದಲ್ಲಿ ಮನೆ ಹುಡುಕುವವರಿಗೆ ನಾನು ಹೇಳುವ ಕ್ರಮ ಸ್ವಲ್ಪ ಬೇರೆ. ಜಾಹೀರಾತುಗಳನ್ನು ತೆರೆಯುವುದಕ್ಕೆ ಮೊದಲು ಹಣ ಮತ್ತು ಸಮಯ ಎರಡನ್ನೂ ಲೆಕ್ಕ ಹಾಕಿ. ಆಮೇಲೆ ಪ್ರದೇಶ ಗೊತ್ತುಮಾಡಿಕೊಳ್ಳಿ. ಮನೆ ನೋಡುವುದು ಅದರ ನಂತರದ ಕೆಲಸ.

ಮೊದಲ ಹೆಜ್ಜೆ: ಬಾಡಿಗೆ ಎಷ್ಟು ಎಂದಲ್ಲ, ಒಟ್ಟು ಎಷ್ಟು ಎಂದು ಕೇಳಿಕೊಳ್ಳಿ

ಆದಾಯದ ಶೇ. 30ಕ್ಕಿಂತ ಹೆಚ್ಚು ಬಾಡಿಗೆ ಕೊಡಬಾರದು ಎಂಬ ಮಾತನ್ನು ಎಲ್ಲೆಡೆ ಕೇಳುತ್ತೇವೆ. ಈ ಅಂಕಿಯ ಬೇರು ಅಮೆರಿಕದ ಸರ್ಕಾರಿ ವಸತಿ ಯೋಜನೆಯಲ್ಲಿದೆ. ಅಲ್ಲಿನ ಬಾಡಿಗೆದಾರರು ಆದಾಯದ ಶೇ. 25ರಷ್ಟು ಮಾತ್ರ ಕೊಟ್ಟರೆ ಸಾಕು ಎಂದು 1969ರಲ್ಲಿ ಮಿತಿ ಹಾಕಲಾಯಿತು, 1981ರಲ್ಲಿ ಅದನ್ನು ಶೇ. 30ಕ್ಕೆ ಏರಿಸಲಾಯಿತು. ಒಂದು ಯೋಜನೆಗೆಂದು ಮಾಡಿದ ಮಿತಿ ಕಾಲಕ್ರಮದಲ್ಲಿ ಎಲ್ಲರಿಗೂ ಹೇಳುವ ಬುದ್ಧಿಮಾತಾಯಿತು. ಅಂದಾಜಿಗೆ ಅದು ತಪ್ಪೇನಲ್ಲ, ಆದರೆ ಉಪನಗರಕ್ಕೆ ಸಾಲದು. ಅಮೆರಿಕದ್ದೇ ಆದ ಸೆಂಟರ್ ಫಾರ್ ನೇಬರ್‌ಹುಡ್ ಟೆಕ್ನಾಲಜಿ ಎಂಬ ಸಂಸ್ಥೆ ವಸತಿ ಮತ್ತು ಪ್ರಯಾಣದ ಖರ್ಚನ್ನು ಒಟ್ಟಿಗೆ ಕೂಡಿಸಿ, ಎರಡೂ ಸೇರಿ ಆದಾಯದ ಶೇ. 45ರೊಳಗೆ ಇರಬೇಕು ಎನ್ನುವ ಅಳತೆ ಇಟ್ಟುಕೊಂಡಿದೆ. ದೂರದ ಮನೆಯನ್ನು ತೂಗಲು ನನಗೆ ಇದೇ ಹೆಚ್ಚು ಪ್ರಾಮಾಣಿಕವಾದ ಅಳತೆ ಅನ್ನಿಸುತ್ತದೆ.

ಒಂದು ಹಾಳೆಯ ಮೇಲೆ ಬಾಡಿಗೆಯ ಕೆಳಗೆ ಇಷ್ಟನ್ನು ಬರೆಯಿರಿ: ಕಟ್ಟಡದ ಮೇಂಟೆನೆನ್ಸ್, ನೀರು, ವಿದ್ಯುತ್, ಗ್ಯಾಸ್, ಇಂಟರ್‌ನೆಟ್, ಪಾರ್ಕಿಂಗ್, ಬಸ್ ಅಥವಾ ರೈಲಿನ ಪಾಸ್, ಇಂಧನ. ವಾಹನ ಇಲ್ಲದವರು ಇನ್ನೊಂದು ಪ್ರಶ್ನೆಯನ್ನೂ ಸೇರಿಸಿಕೊಳ್ಳಬೇಕು: ಅಲ್ಲಿಗೆ ಹೋದ ಮೇಲೆ ವಾಹನ ಕೊಳ್ಳದೆ ವಿಧಿಯಿಲ್ಲ ಎಂದಾಗುತ್ತದೆಯೇ? ಆಗುತ್ತದೆ ಎಂದಾದರೆ ಅದರ ಕಂತು, ವಿಮೆ, ರಿಪೇರಿ ಎಲ್ಲವೂ ಆ ಮನೆಯ ಖರ್ಚೇ. ಇವೆಲ್ಲ ಸೇರಿದಾಗ ದೂರದ ಅಗ್ಗದ ಮನೆಗಿಂತ ಹತ್ತಿರದ ದುಬಾರಿ ಮನೆಯೇ ಕಡಿಮೆ ಬೀಳುವುದುಂಟು.

ಒಂದೇ ಸಲ ಕೈಬಿಡುವ ಹಣವನ್ನು ಬೇರೆಯಾಗಿ ಲೆಕ್ಕ ಹಾಕಿ. ಅಡ್ವಾನ್ಸ್, ಮೊದಲ ತಿಂಗಳ ಬಾಡಿಗೆ, ಬ್ರೋಕರ್ ಇದ್ದರೆ ಅವರ ಕಮಿಷನ್, ಸಾಮಾನು ಸಾಗಣೆ, ಹೊಸ ಸಂಪರ್ಕಗಳ ಶುಲ್ಕ, ಪರದೆಯಿಂದ ಹಿಡಿದು ಬಲ್ಬಿನವರೆಗಿನ ಸಣ್ಣಪುಟ್ಟ ಖರೀದಿ. ತಿಂಗಳ ಬಾಡಿಗೆ ಸಲೀಸಾಗಿ ಕಟ್ಟಬಲ್ಲವರೂ ಈ ಮೊದಲ ವಾರದಲ್ಲಿ ಸಾಲಕ್ಕೆ ಕೈಯೊಡ್ಡುತ್ತಾರೆ.

ಎರಡನೇ ಹೆಜ್ಜೆ: ದೂರವನ್ನು ನಿಮಿಷಗಳಲ್ಲಿ ಅಳೆಯಿರಿ

ನಕಾಶೆಯಲ್ಲಿ ನೀವು ವಾರಕ್ಕೆ ಮೂರು ಸಲಕ್ಕಿಂತ ಹೆಚ್ಚು ಹೋಗಬೇಕಾದ ಜಾಗಗಳನ್ನಷ್ಟೇ ಗುರುತಿಸಿ. ಕಚೇರಿ, ಕಾಲೇಜು, ನೋಡಿಕೊಳ್ಳಬೇಕಾದ ಹಿರಿಯರ ಮನೆ, ಹೀಗೆ. ಒಂದು ಕಡೆಯ ಪ್ರಯಾಣಕ್ಕೆ ನೀವು ಒಪ್ಪುವ ಗರಿಷ್ಠ ಸಮಯವನ್ನು ಈಗಲೇ ನಿರ್ಧರಿಸಿ ಬರೆದಿಡಿ. ಒಳ್ಳೆಯ ಮನೆಯೊಂದು ಕಣ್ಣಿಗೆ ಬಿದ್ದ ಮೇಲೆ ಈ ಮಿತಿ ತಾನಾಗಿ ಸಡಿಲವಾಗುತ್ತದೆ, ಅದಕ್ಕೇ ಮೊದಲೇ ಬರೆಯಬೇಕು.

ಗೂಗಲ್ ಮ್ಯಾಪ್ಸ್‌ನಂಥ ಆ್ಯಪ್‌ಗಳಲ್ಲಿ ಇಂಥ ಹೊತ್ತಿಗೆ ಹೊರಟರೆ ಎಷ್ಟು ಸಮಯ ಹಿಡಿಯುತ್ತದೆ ಎಂದು ನೋಡಬಹುದು. ಕೆಲಸದ ದಿನದ ಬೆಳಗ್ಗೆ ಮತ್ತು ಸಂಜೆಯ ಹೊತ್ತನ್ನೇ ಕೊಟ್ಟು ನೋಡಿ. ಭಾನುವಾರ ಮಧ್ಯಾಹ್ನ ಮನೆ ನೋಡಲು ಹೋದವರಿಗೆ ರಸ್ತೆ ಖಾಲಿ ಸಿಗುತ್ತದೆ, ಸೋಮವಾರ ಬೆಳಗ್ಗೆಯ ಕಥೆಯೇ ಬೇರೆ. ಗಂಭೀರವಾಗಿ ಯೋಚಿಸುತ್ತಿರುವ ಪ್ರದೇಶವಾದರೆ ಒಂದು ದಿನ ನಿಜವಾದ ಹೊತ್ತಿಗೇ ಆ ಪ್ರಯಾಣ ಮಾಡಿಬನ್ನಿ.

ಬಸ್ಸು, ರೈಲು ನೆಚ್ಚಿಕೊಂಡವರು ಮಾರ್ಗ ಇದೆಯೇ ಎಂಬುದರ ಜೊತೆಗೆ ಎಷ್ಟು ಹೊತ್ತಿಗೊಂದು ಬರುತ್ತದೆ ಎಂದು ನೋಡಬೇಕು. ಹತ್ತು ನಿಮಿಷಕ್ಕೊಂದು ಬಸ್ಸಿದ್ದರೆ ಸಮಯ ನೋಡದೆ ಹೊರಟರೂ ಸರಾಸರಿ ಕಾಯುವುದು ಐದೇ ನಿಮಿಷ. ನಲವತ್ತು ನಿಮಿಷಕ್ಕೊಂದಾದರೆ ಒಂದು ತಪ್ಪಿದ ದಿನ ಇಡೀ ಬೆಳಗು ಏರುಪೇರು. ರಾತ್ರಿಯ ಕೊನೆಯ ಬಸ್ಸು ಎಷ್ಟು ಹೊತ್ತಿಗೆ, ರಜಾ ದಿನ ಓಡುತ್ತದೆಯೇ ಎಂಬುದನ್ನು ವೇಳಾಪಟ್ಟಿಯಲ್ಲಿ ಖಚಿತಮಾಡಿಕೊಳ್ಳಿ. ನಿಲ್ದಾಣದಿಂದ ಮನೆಗೆ 800 ಮೀಟರ್ ಅಂದರೆ ಸಾಧಾರಣ ನಡಿಗೆಯಲ್ಲಿ ಹತ್ತು ನಿಮಿಷ. ಆ ಹತ್ತು ನಿಮಿಷದ ದಾರಿಯಲ್ಲಿ ಫುಟ್‌ಪಾತ್ ಇದೆಯೇ, ಬೀದಿದೀಪ ಉರಿಯುತ್ತದೆಯೇ, ದೊಡ್ಡ ರಸ್ತೆ ದಾಟಲು ಸಿಗ್ನಲ್ ಇದೆಯೇ ಎಂಬುದನ್ನು ಕತ್ತಲಾದ ಮೇಲೆ ನಡೆದೇ ತಿಳಿಯಬೇಕು. ಎಷ್ಟೋ ಉಪನಗರಗಳು ಕಾರಿನಲ್ಲಿ ಓಡಾಡುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬೆಳೆದಂಥವು. ನಕಾಶೆಯಲ್ಲಿ ಪಕ್ಕದಲ್ಲೇ ಕಾಣುವ ಅಂಗಡಿಗೂ ಹೆದ್ದಾರಿ ಸುತ್ತಿಕೊಂಡು ಹೋಗಬೇಕಾದೀತು.

ದಿನಸಿ, ಔಷಧಿ ಅಂಗಡಿ ಮತ್ತು ಒಬ್ಬ ವೈದ್ಯರು ನಡೆದು ಹೋಗುವಷ್ಟು ಹತ್ತಿರ ಇದ್ದರೆ ಒಂಟಿಯಾಗಿ ಇರುವವರಿಗೆ ದೊಡ್ಡ ಆಸರೆ. ಜ್ವರ ಬಂದ ದಿನ ಅದರ ಬೆಲೆ ಗೊತ್ತಾಗುತ್ತದೆ. ಇಷ್ಟಾದ ಮೇಲೆ ಎರಡು ಅಥವಾ ಮೂರು ಪ್ರದೇಶ ಉಳಿಯುತ್ತವೆ. ಹುಡುಕಾಟ ಅಷ್ಟಕ್ಕೇ ಸೀಮಿತವಾಗಿರಲಿ.

ಮೂರನೇ ಹೆಜ್ಜೆ: ಜಾಹೀರಾತು ಓದುವುದು, ಮೊದಲ ಮಾತು ಆಡುವುದು

ಬಾಡಿಗೆ ಮನೆಗಳ ಜಾಲತಾಣಗಳಲ್ಲಿ ನಿಮ್ಮ ಪ್ರದೇಶ, ಮಿತಿ ಕೊಟ್ಟು ಅಲರ್ಟ್ ಹಾಕಿಡಿ. ಆದರೆ ಅದನ್ನೇ ನಂಬಿ ಕೂರಬೇಡಿ. ಉಪನಗರಗಳಲ್ಲಿ ಒಂದೋ ಎರಡೋ ಮನೆ ಇಟ್ಟುಕೊಂಡ ಸಣ್ಣ ಮಾಲೀಕರು ಹೆಚ್ಚು. ಅವರಲ್ಲಿ ಅನೇಕರು ಗೇಟಿಗೊಂದು ಬೋರ್ಡು ತೂಗುಹಾಕಿ ಅಥವಾ ಪರಿಚಿತರಿಗೆ ಹೇಳಿ ಸುಮ್ಮನಾಗುತ್ತಾರೆ. ಆರಿಸಿದ ಪ್ರದೇಶದ ಬೀದಿಗಳಲ್ಲಿ ಒಂದು ಸಂಜೆ ಕಾಲ್ನಡಿಗೆಯಲ್ಲಿ ಸುತ್ತಿ, ಕಟ್ಟಡದ ಕಾವಲಿನವರನ್ನು, ಅಂಗಡಿಯವರನ್ನು ವಿಚಾರಿಸಿ. ಅಲ್ಲಿ ವಾಸಿಸುವ ಸಹೋದ್ಯೋಗಿಗಳಿಗೂ ಹೇಳಿಟ್ಟಿರಿ.

ಫೋಟೋಗಳನ್ನು ನೋಡುವಾಗ ಯಾವುದನ್ನು ತೋರಿಸಿಲ್ಲ ಎಂಬುದರ ಕಡೆ ಗಮನ ಇರಲಿ. ಹಾಲ್‌ನ ಐದು ಚಿತ್ರ, ಬಾತ್‌ರೂಮಿನದು ಒಂದೂ ಇಲ್ಲ ಅಂದರೆ ಕಾರಣ ಇರುತ್ತದೆ. ವೈಡ್ ಆ್ಯಂಗಲ್ ಲೆನ್ಸ್ ಸಣ್ಣ ಕೋಣೆಯನ್ನು ಉದ್ದ ಮಾಡಿ ತೋರಿಸುತ್ತದೆ. ಚೌಕಾಕಾರದ ಟೈಲ್‌ಗಳೋ ಬಾಗಿಲುಗಳೋ ಚಿತ್ರದ ಅಂಚಿನಲ್ಲಿ ಹಿಗ್ಗಿದಂತೆ ಕಂಡರೆ ಅದೇ ಗುರುತು. ವಿಸ್ತೀರ್ಣದ ಅಂಕಿ ಕೊಟ್ಟಿದ್ದರೆ ಅದು ಗೋಡೆಗಳ ಒಳಗಿನ ಜಾಗವೋ, ಬಾಲ್ಕನಿ, ಕಾರಿಡಾರ್ ಎಲ್ಲ ಸೇರಿದ್ದೋ ಎಂದು ಕೇಳಿ.

ಮೊದಲ ಸಂದೇಶ ಚಿಕ್ಕದಾಗಿ, ಪೂರ್ತಿಯಾಗಿ ಇರಲಿ. ಉದಾಹರಣೆಗೆ: "ನಮಸ್ಕಾರ. ನಿಮ್ಮ ಒಂದು ಬೆಡ್‌ರೂಮಿನ ಮನೆಯ ಜಾಹೀರಾತು ನೋಡಿದೆ. ನಾನು ಒಬ್ಬನೇ ಇರುತ್ತೇನೆ, ಖಾಯಂ ಕೆಲಸ ಇದೆ, ಮುಂದಿನ ತಿಂಗಳ ಒಂದರಿಂದ ಮನೆ ಬೇಕು, ಕನಿಷ್ಠ ಒಂದು ವರ್ಷ ಇರುವ ಉದ್ದೇಶ. ಮನೆ ಇನ್ನೂ ಖಾಲಿ ಇದೆಯೇ? ಮೇಂಟೆನೆನ್ಸ್, ಪಾರ್ಕಿಂಗ್ ಬಾಡಿಗೆಯಲ್ಲೇ ಸೇರಿದೆಯೇ? ಈ ವಾರ ಸಂಜೆ ಆರರ ನಂತರ ನೋಡಲು ಬರಬಹುದೇ?" ಮಾಲೀಕರಿಗೆ ಬೇಕಾದ ಉತ್ತರ ಇದರಲ್ಲೇ ಇದೆ, ನಿಮಗೆ ಬೇಕಾದ ಪ್ರಶ್ನೆಯೂ ಇದೆ.

ಇಲ್ಲೇ ಒಂದು ಎಚ್ಚರಿಕೆ, ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಸುತ್ತಲಿನ ಮನೆಗಳಿಗಿಂತ ತೀರಾ ಕಡಿಮೆ ಬಾಡಿಗೆ, ಬೇರೆ ದೇಶದಲ್ಲಿದ್ದೇನೆ ಎನ್ನುವ ಮಾಲೀಕ, ಇನ್ನಿಬ್ಬರು ಕಾಯುತ್ತಿದ್ದಾರೆ ಎಂಬ ಅವಸರ, ಮನೆ ತೋರಿಸುವ ಮೊದಲೇ ಟೋಕನ್ ಹಣದ ಬೇಡಿಕೆ: ಬಾಡಿಗೆ ವಂಚನೆ ಲೋಕದ ಎಲ್ಲೆಡೆ ಬಹುತೇಕ ಇದೇ ರೂಪದಲ್ಲಿ ಬರುತ್ತದೆ. ಫೋಟೋವನ್ನು ಇಮೇಜ್ ಸರ್ಚ್‌ಗೆ ಹಾಕಿ, ಅದೇ ಚಿತ್ರ ಬೇರೊಂದು ಊರಿನ ಜಾಹೀರಾತಿನಲ್ಲಿ ಸಿಕ್ಕರೆ ಅಲ್ಲಿಗೇ ಬಿಟ್ಟುಬಿಡಿ. ಒಳಗೆ ಕಾಲಿಟ್ಟು ನೋಡದ ಮನೆಗೆ ಒಂದು ಪೈಸೆಯನ್ನೂ ಕೊಡಬಾರದು. ನೀವೇ ಹೋಗಲಾಗದಿದ್ದರೆ ನಂಬಿಕೆಯವರು ಹೋಗಿ ನೋಡಲಿ. ಹಣ ಕೊಡುವಾಗಲೂ ಬ್ಯಾಂಕಿನ ಮೂಲಕ, ರಸೀದಿ ಸಹಿತ. ಮಾಲೀಕರೆಂದು ಹೇಳಿಕೊಂಡವರ ಗುರುತಿನ ಚೀಟಿಯ ಹೆಸರು ಆಸ್ತಿ ತೆರಿಗೆ ಅಥವಾ ವಿದ್ಯುತ್ ಬಿಲ್ಲಿನ ಹೆಸರಿಗೆ ಹೊಂದಬೇಕು. ಹೊಂದದಿದ್ದರೆ ಬಾಡಿಗೆಗೆ ಕೊಡುವ ಅಧಿಕಾರಪತ್ರ ಕೇಳಿ.

ನಾಲ್ಕನೇ ಹೆಜ್ಜೆ: ಮನೆಯೊಳಗೆ ನಿಂತು ನೋಡುವುದು

ಈ ಹಂತಕ್ಕೆ ಅರ್ಧ ಗಂಟೆಯಾದರೂ ಬೇಕು. ಅಳತೆಯ ಟೇಪು, ಫೋನಿನ ಚಾರ್ಜರ್, ಒಂದು ಟಾರ್ಚ್ ಜೊತೆಗಿರಲಿ.

ಒಂದೇ ಬೆಡ್‌ರೂಮಿನ ಮನೆಯಲ್ಲಿ ಚದರಡಿಗಿಂತ ಬಾಗಿಲುಗಳ ಜಾಗವೇ ಮುಖ್ಯ ಎಂಬುದು ನನ್ನ ದೃಢ ಅಭಿಪ್ರಾಯ. ಬಾತ್‌ರೂಮಿಗೆ ಬೆಡ್‌ರೂಮಿನ ಮೂಲಕವೇ ದಾರಿ ಇದ್ದರೆ ಬಂದ ನೆಂಟರೆಲ್ಲ ನಿಮ್ಮ ಹಾಸಿಗೆ ದಾಟಿ ಹೋಗಬೇಕು. ಅಡುಗೆಮನೆಗೆ ಗೋಡೆಯೂ ಇಲ್ಲ, ಗಾಳಿ ಹೊರಹೋಗಲು ಫ್ಯಾನೂ ಇಲ್ಲ ಎಂದಾದರೆ ಒಗ್ಗರಣೆಯ ವಾಸನೆ ಹೊದಿಕೆಗೂ ಹತ್ತುತ್ತದೆ. ಹಾಲ್‌ಗೂ ಬೆಡ್‌ರೂಮಿಗೂ ನಡುವೆ ಮುಚ್ಚುವ ಬಾಗಿಲಿದೆಯೇ? ಇಬ್ಬರಿರುವ ಮನೆಯಲ್ಲಿ ಒಬ್ಬರು ಮಲಗಿದಾಗ ಇನ್ನೊಬ್ಬರು ಕೆಲಸ ಮಾಡಲು ಆ ಒಂದು ಬಾಗಿಲೇ ಆಧಾರ. ಮನೆಯಿಂದಲೇ ಕೆಲಸ ಮಾಡುವವರು ಮೇಜು ಎಲ್ಲಿ ಇಡುತ್ತೇನೆ ಎಂದು ಆ ಜಾಗದಲ್ಲಿ ನಿಂತು ನೋಡಬೇಕು. ಅಲ್ಲಿ ಬೆಳಕು, ಪ್ಲಗ್ ಪಾಯಿಂಟ್, ಫೋನ್ ಸಿಗ್ನಲ್ ಮೂರೂ ಇದ್ದರೆ ಸರಿ.

ಕ್ವೀನ್ ಸೈಜ್ ಹಾಸಿಗೆ ಹೆಚ್ಚುಕಡಿಮೆ 150 ಸೆಂ.ಮೀ. ಅಗಲ, 200 ಸೆಂ.ಮೀ. ಉದ್ದ ಇರುತ್ತದೆ. ಅದರ ಪಕ್ಕದಲ್ಲಿ ಆರಾಮವಾಗಿ ಓಡಾಡಲು ಇನ್ನೂ 60 ಸೆಂ.ಮೀ. ಬೇಕು, ಬೀರುವಿನ ಬಾಗಿಲು ತೆರೆದುಕೊಳ್ಳುವ ಜಾಗ ಬೇರೆ. ಇಷ್ಟನ್ನು ಟೇಪಿನಿಂದ ನೆಲದ ಮೇಲೆ ಅಳೆದುಬಿಡಿ. ಮೆಟ್ಟಿಲಿನ ತಿರುವು, ಲಿಫ್ಟ್, ಮುಂಬಾಗಿಲುಗಳ ಅಗಲವೂ ಗೊತ್ತಿರಲಿ. ಸೋಫಾ ಒಳಗೆ ಹಿಡಿಸಿದರೂ ಮೇಲೆ ಬರದೆ ಹೋಗಬಹುದು.

ಆಮೇಲೆ ನೀರು. ಅಡುಗೆಮನೆಯ ನಲ್ಲಿ ಮತ್ತು ಶವರ್ ಎರಡನ್ನೂ ಒಟ್ಟಿಗೆ ತೆರೆದು, ಅದೇ ಹೊತ್ತಿಗೆ ಫ್ಲಶ್ ಮಾಡಿ. ಧಾರೆ ದಾರದಂತಾದರೆ ಬೆಳಗಿನ ಹೊತ್ತು ಕಷ್ಟ. ಬಿಸಿನೀರು ಬರಲು ಎಷ್ಟು ಹೊತ್ತು ಬೇಕು ನೋಡಿ. ಸಿಂಕ್ ತುಂಬಿಸಿ ಒಮ್ಮೆಲೇ ಬಿಟ್ಟು, ಕೆಳಗಿನ ಪೈಪನ್ನು ಕೈಯಿಂದ ಮುಟ್ಟಿ ನೋಡಿ. ನೀರು ಎಲ್ಲಿಂದ ಬರುತ್ತದೆ, ಬೇಸಿಗೆಯಲ್ಲಿ ಎಷ್ಟು ಹೊತ್ತು ಬರುತ್ತದೆ ಎಂಬ ಪ್ರಶ್ನೆಯನ್ನು ಮಾಲೀಕರಿಗಿಂತ ಪಕ್ಕದ ಮನೆಯವರಿಗೆ ಕೇಳುವುದು ಒಳ್ಳೆಯದು.

ತೇವದ ವಿಷಯದಲ್ಲಿ ರಾಜಿ ಬೇಡ ಎಂದು ಒತ್ತಿ ಹೇಳುತ್ತೇನೆ. ಬಾಗಿಲು ತೆರೆದ ಕೂಡಲೇ ಬರುವ ಮೊದಲ ವಾಸನೆಯನ್ನು ಗಮನಿಸಿ, ಕಿಟಕಿ ತೆರೆದು ಎರಡು ನಿಮಿಷವಾದರೆ ಅದು ಸಿಗುವುದಿಲ್ಲ. ಬೀರುವಿನ ಹಿಂಭಾಗ, ಕಿಟಕಿಯ ಕೆಳಗೆ, ಹೊರಗೋಡೆ ಸೂರಿಗೆ ಸೇರುವ ಮೂಲೆ, ಬಾತ್‌ರೂಮಿನ ಆಚೆಬದಿಯ ಗೋಡೆ, ಇವುಗಳ ಮೇಲೆ ಟಾರ್ಚ್ ಬಿಡಿ. ಉಬ್ಬಿದ ಬಣ್ಣ, ಉದುರುವ ಗಿಲಾವು, ಕಪ್ಪು ಚುಕ್ಕೆಯ ಬೂಷ್ಟು ಕಂಡರೆ ಕಾರಣ ಕೇಳಿ. ಇಡೀ ಗೋಡೆ ಹಳೆಯದಾಗಿದ್ದು ಒಂದು ಮೂಲೆಗೆ ಮಾತ್ರ ಹೊಸ ಬಣ್ಣ ಬಳಿದಿದ್ದರೂ ಕೇಳಿ. ಮನೆಯೊಳಗಿನ ತೇವಾಂಶ ಶೇ. 60ಕ್ಕಿಂತ ಕೆಳಗಿದ್ದರೆ ಬೂಷ್ಟು ಬೆಳೆಯುವುದು ಕಷ್ಟ. ಗಾಳಿಯಾಡದ ಸಣ್ಣ ಮನೆಯಲ್ಲಿ ಸ್ನಾನ, ಅಡುಗೆ, ಒಗೆದ ಬಟ್ಟೆ ಇಷ್ಟರಿಂದಲೇ ಆ ಗಡಿ ದಾಟುತ್ತದೆ. ಬಾತ್‌ರೂಮಿಗೆ ಕಿಟಕಿಯೋ ಎಕ್ಸಾಸ್ಟ್ ಫ್ಯಾನೋ ಇರಲೇಬೇಕು ಎನ್ನುವುದು ಅದಕ್ಕೇ. ಅಸ್ತಮಾ ಇರುವವರಂತೂ ಬೂಷ್ಟು ಹಿಡಿದ ಮನೆ ಎಷ್ಟೇ ಅಗ್ಗವಾದರೂ ಬಿಟ್ಟುಬಿಡಿ.

ಬಿಸಿಲಿನ ದಿಕ್ಕು ವಿದ್ಯುತ್ ಬಿಲ್ಲನ್ನೂ ನಿರ್ಧರಿಸುತ್ತದೆ. ಸೆಕೆಯ ಪ್ರದೇಶದಲ್ಲಿ ಪಶ್ಚಿಮಕ್ಕೆ ದೊಡ್ಡ ಕಿಟಕಿ ಇರುವ ಬೆಡ್‌ರೂಮ್ ಸಂಜೆಗೆ ಕಾದಿರುತ್ತದೆ, ಮಲಗುವ ಹೊತ್ತಿಗೂ ತಣಿದಿರುವುದಿಲ್ಲ. ಕೊನೆಯ ಮಹಡಿಗೆ ತಾರಸಿಯ ಕಾವು ಸೇರಿಕೊಳ್ಳುತ್ತದೆ. ಚಳಿಯ ಪ್ರದೇಶದಲ್ಲಿ ಇದೇ ಬಿಸಿಲು ವರ. ಭೂಮಧ್ಯರೇಖೆಯ ಉತ್ತರಕ್ಕಿರುವ ಅಂಥ ದೇಶಗಳಲ್ಲಿ ದಕ್ಷಿಣದ ಕಿಟಕಿಗೆ, ದಕ್ಷಿಣಕ್ಕಿರುವ ದೇಶಗಳಲ್ಲಿ ಉತ್ತರದ ಕಿಟಕಿಗೆ ಚಳಿಗಾಲದ ಬಿಸಿಲು ಸಿಗುತ್ತದೆ. ಚಳಿಗಾಲದಲ್ಲಿ ಮನೆಯೊಳಗೆ ಕನಿಷ್ಠ 18 ಡಿಗ್ರಿ ಸೆಲ್ಸಿಯಸ್ ಇರಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಕೊಟ್ಟ ಸಲಹೆ. ಹೀಟರ್ ಹಾಕಿಸಿ ನೋಡಿ, ಕಳೆದ ಚಳಿಗಾಲದ ಬಿಲ್ ತೋರಿಸಿ ಎಂದು ಕೇಳಿ.

ಕಿಟಕಿಗಳನ್ನು ಮುಚ್ಚಿ, ಯಾರೂ ಮಾತಾಡದೆ ಎರಡು ನಿಮಿಷ ಬೆಡ್‌ರೂಮಿನಲ್ಲಿ ನಿಂತುಕೊಳ್ಳಿ. ಲಿಫ್ಟಿನ ಮೋಟರು, ನೀರಿನ ಪಂಪು, ಮೇಲಿನ ಮನೆಯ ಹೆಜ್ಜೆ ಸದ್ದು ಆಗ ಕೇಳುತ್ತವೆ. ಹಗಲು ನೋಡಿ ಮೆಚ್ಚಿದ ಮನೆಯನ್ನು ರಾತ್ರಿ ಒಂಬತ್ತರ ನಂತರ ಇನ್ನೊಮ್ಮೆ ನೋಡಲೇಬೇಕು. ಪಾರ್ಕಿಂಗ್ ತುಂಬಿದೆಯೇ, ಮೆಟ್ಟಿಲಲ್ಲಿ ದೀಪ ಇದೆಯೇ, ಸುತ್ತಲಿನ ಗದ್ದಲ ಎಷ್ಟು ಎಂಬುದೆಲ್ಲ ಆಗಲೇ ತಿಳಿಯುವುದು.

ಸುರಕ್ಷತೆಯಲ್ಲಿ ಮೂರು ಸಂಗತಿ. ಬೆಂಕಿ ಹೊತ್ತಿಕೊಂಡರೆ ಮುಂಬಾಗಿಲು ಬಿಟ್ಟು ಹೊರಬರಲು ಇನ್ನೊಂದು ದಾರಿ ಇದೆಯೇ, ಕಿಟಕಿಯ ಸರಳುಗಳು ಒಳಗಿನಿಂದ ತೆರೆಯುತ್ತವೆಯೇ ನೋಡಿ. ಹೊಗೆ ಪತ್ತೆಯಾದಾಗ ಕೂಗುವ ಅಲಾರಂ ಇದ್ದರೆ ಅದರ ಗುಂಡಿ ಒತ್ತಿ ಪರೀಕ್ಷಿಸಿ. ಗ್ಯಾಸ್ ಗೀಸರ್ ಗಾಳಿಯಾಡದ ಬಾತ್‌ರೂಮಿನೊಳಗೇ ಇದ್ದರೆ ಆ ಮನೆಗೆ ಒಪ್ಪಬೇಡಿ, ಇಲ್ಲವೇ ಅದನ್ನು ಹೊರಗೆ ಹಾಕಿಸಿದ ಮೇಲೆಯೇ ಒಪ್ಪಿ. ಅದು ಉಗುಳುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ಜನ ಸ್ನಾನ ಮಾಡುತ್ತಲೇ ಪ್ರಜ್ಞೆ ತಪ್ಪುತ್ತಾರೆ.

ಹಳೆಯ ಬಾಡಿಗೆದಾರರು ಸಿಕ್ಕರೆ ಏಕೆ ಬಿಡುತ್ತಿದ್ದೀರಿ, ಏನಾದರೂ ಕೆಟ್ಟಾಗ ಮಾಲೀಕರು ಎಷ್ಟು ದಿನದಲ್ಲಿ ಸರಿಮಾಡಿಸಿದರು, ಅಡ್ವಾನ್ಸ್ ವಾಪಸ್ ಬಂತೇ ಎಂದು ಕೇಳಿ. ಇಷ್ಟಕ್ಕೆ ಸಿಗುವ ಉತ್ತರ ಯಾವ ಜಾಹೀರಾತಿನಲ್ಲೂ ಸಿಗದು.

ಐದನೇ ಹೆಜ್ಜೆ: ಚೌಕಾಸಿ

ಮನೆ ಇಷ್ಟವಾದರೆ ಅದೇ ದಿನ ಹೇಳುವಷ್ಟು ಸಿದ್ಧವಾಗಿರಿ. ಗುರುತಿನ ಚೀಟಿ, ಆದಾಯದ ದಾಖಲೆ, ಹಿಂದಿನ ಮಾಲೀಕರ ಒಂದು ಪತ್ರ ಕೈಯಲ್ಲಿರಲಿ. ಪ್ರತಿಗಳ ಮೇಲೆ ಬಾಡಿಗೆ ಕರಾರಿಗಾಗಿ ಮಾತ್ರ ಎಂದು ದಿನಾಂಕ ಸಹಿತ ಅಡ್ಡಲಾಗಿ ಬರೆದು ಕೊಡಿ.

ಬಾಡಿಗೆ ಇಳಿಸಿ ಎಂದು ಕೇಳಲು ಸಂಕೋಚಪಡುವವರಿಗೆ ಒಂದು ಲೆಕ್ಕ. ಮನೆ ಒಂದು ತಿಂಗಳು ಖಾಲಿ ಬಿದ್ದರೆ ಮಾಲೀಕರು ಕಳೆದುಕೊಳ್ಳುವುದು ವರ್ಷದ ಬಾಡಿಗೆಯ ಹನ್ನೆರಡನೇ ಒಂದು ಪಾಲು, ಅಂದರೆ ಶೇ. 8ಕ್ಕೂ ಹೆಚ್ಚು. ಬಹಳ ದಿನದಿಂದ ಖಾಲಿ ಇರುವ ಮನೆಗೆ ಶೇ. 5ರಷ್ಟು ಇಳಿಸಿ ಎಂದು ಕೇಳಿದರೆ ಅದು ಅವರಿಗೂ ನಷ್ಟದ ಮಾತಲ್ಲ. ಬಾಡಿಗೆ ಇಳಿಯದಿದ್ದರೆ ಬೇರೇನಾದರೂ ಕೇಳಿ: ಸುಣ್ಣಬಣ್ಣ, ಸೊಳ್ಳೆ ಪರದೆ, ಕಮ್ಮಿ ಅಡ್ವಾನ್ಸ್, ಪಾರ್ಕಿಂಗ್, ಎರಡು ವರ್ಷ ಬಾಡಿಗೆ ಏರಿಸದ ಭರವಸೆ. ನನ್ನ ಮಟ್ಟಿಗೆ ಈ ಕೊನೆಯದೇ ಎಲ್ಲಕ್ಕಿಂತ ಬೆಲೆಯುಳ್ಳದ್ದು.

ಆರನೇ ಹೆಜ್ಜೆ: ಕರಾರುಪತ್ರ

ಮುದ್ರಿತ ಕರಾರು ಎಂದು ಓದದೆ ಸಹಿ ಹಾಕಬೇಡಿ. ಒಂದು ರಾತ್ರಿ ಮನೆಗೆ ತಂದು ಓದಲು ಬಿಡದ ಮಾಲೀಕರಿಂದ ದೂರ ಇರುವುದೇ ಕ್ಷೇಮ. ಅವಧಿ ಎಷ್ಟು, ಮುಗಿದ ಮೇಲೆ ತಾನಾಗಿ ಮುಂದುವರಿಯುತ್ತದೆಯೇ ಎಂದು ಮೊದಲು ನೋಡಿ. ನೋಟಿಸ್ ಅವಧಿ ಇಬ್ಬರಿಗೂ ಒಂದೇ ಆಗಿರಬೇಕು. ಅವಧಿಗೆ ಮುಂಚೆ ಬಿಡಬೇಕಾಗಿ ಬಂದರೆ ಎಷ್ಟು ಕಟ್ಟಬೇಕು ಎಂಬ ಸಾಲು ಸಿಗುವವರೆಗೆ ಹುಡುಕಿ, ಕೆಲಸದ ಊರು ಯಾವಾಗ ಬದಲಾದೀತೋ ಹೇಳಲಾಗದು. ಬಾಡಿಗೆ ಎಷ್ಟು ಸಮಯಕ್ಕೊಮ್ಮೆ, ಶೇಕಡಾ ಎಷ್ಟು ಏರುತ್ತದೆ ಎಂಬುದು ಅಂಕಿಯಲ್ಲೇ ಇರಲಿ.

ಅಡ್ವಾನ್ಸ್ ಬಗ್ಗೆ ಕರಾರು ಸ್ಪಷ್ಟವಾಗಿ ಮಾತಾಡಬೇಕು. ಮನೆ ಬಿಟ್ಟ ಎಷ್ಟು ದಿನದೊಳಗೆ ವಾಪಸ್, ಯಾವುದಕ್ಕೆ ಹಿಡಿದುಕೊಳ್ಳಬಹುದು, ಹಿಡಿದುಕೊಂಡರೆ ಬಿಲ್ ತೋರಿಸಬೇಕೇ? ದಿನಬಳಕೆಯಿಂದ ಸಹಜವಾಗಿ ಆಗುವ ಸವೆತ ಬೇರೆ, ಬಾಡಿಗೆದಾರರು ಮಾಡಿದ ಹಾನಿ ಬೇರೆ. ಮಾಸಿದ ಬಣ್ಣ ಮೊದಲನೆಯದು, ಒಡೆದ ವಾಶ್‌ಬೇಸಿನ್ ಎರಡನೆಯದು. ಈ ಭೇದವನ್ನು ಕರಾರಿನಲ್ಲೇ ಬರೆಸಿಕೊಂಡರೆ ಬಿಡುವಾಗಿನ ಜಗಳ ಅರ್ಧ ತಪ್ಪುತ್ತದೆ. ಗೀಸರ್, ಪೈಪು, ವೈರಿಂಗ್ ರಿಪೇರಿ ಯಾರ ಪಾಲು, ಮಾಲೀಕರು ಒಳಗೆ ಬರಲು ಎಷ್ಟು ಮುಂಚೆ ತಿಳಿಸಬೇಕು, ಅತಿಥಿಗಳು ಮತ್ತು ಸಾಕುಪ್ರಾಣಿಗಳ ವಿಷಯದಲ್ಲಿ ಏನು ನಿಯಮ ಎಂಬುದೂ ಇರಲಿ. ಬಾಯಿಮಾತಿನ ಪ್ರತಿಯೊಂದು ಭರವಸೆ ಕಾಗದಕ್ಕೆ ಇಳಿಯಬೇಕು, ಖಾಲಿ ಬಿಟ್ಟ ಜಾಗಗಳಿಗೆ ಗೆರೆ ಎಳೆಯಬೇಕು, ಇಬ್ಬರ ಸಹಿಯ ಒಂದು ಪ್ರತಿ ನಿಮ್ಮಲ್ಲಿರಬೇಕು. ಅಡ್ವಾನ್ಸ್ ಮಿತಿ, ನೋಂದಣಿ, ತೆರವಿನ ನಿಯಮಗಳು ಪ್ರತಿ ಪ್ರದೇಶಕ್ಕೂ ಬೇರೆಬೇರೆ. ಆ ಊರಿನ ಬಾಡಿಗೆ ಕಾನೂನಿನ ಅಧಿಕೃತ ಪುಟವನ್ನು ಸಹಿಗೆ ಮೊದಲು ಓದಿ.

ಏಳನೇ ಹೆಜ್ಜೆ: ಕೀಲಿ ಕೈಗೆ ಬಂದ ದಿನ

ಸಾಮಾನು ಇಳಿಸುವ ಮೊದಲು, ಖಾಲಿ ಮನೆಯ ಪ್ರತಿ ಗೋಡೆ, ನೆಲ, ನಲ್ಲಿ, ಕಿಟಕಿಯನ್ನು ವಿಡಿಯೋ ಮಾಡಿ. ವಿದ್ಯುತ್, ನೀರು, ಗ್ಯಾಸ್ ಮೀಟರಿನ ಅಂಕಿಗಳ ಫೋಟೋ ತೆಗೆಯಿರಿ. ವಿದ್ಯುತ್ ಮೀಟರ್ ನಿಮ್ಮ ಮನೆಯದ್ದೇ ಎಂದು ಖಚಿತಪಡಿಸಿಕೊಳ್ಳಲು ಮೇನ್ ಸ್ವಿಚ್ ಆರಿಸಿದಾಗ ಅದು ನಿಲ್ಲುತ್ತದೆಯೇ ನೋಡಿ. ಎಲ್ಲವನ್ನೂ ಅದೇ ದಿನ ಮಾಲೀಕರಿಗೆ ಇಮೇಲ್ ಮಾಡಿದರೆ ದಿನಾಂಕಕ್ಕೆ ಸಾಕ್ಷಿ ಸಿಕ್ಕಂತಾಯಿತು. ಅವರ ಒಪ್ಪಿಗೆ ಪಡೆದು ಮುಂಬಾಗಿಲ ಬೀಗ ಬದಲಾಯಿಸಿ, ಹಿಂದೆ ಇದ್ದವರ ಬಳಿ ಎಷ್ಟು ಕೀಲಿಗಳು ಉಳಿದಿವೆಯೋ ಯಾರಿಗೂ ಗೊತ್ತಿರುವುದಿಲ್ಲ. ಮಾಲೀಕರ ವಿಮೆ ಸಾಮಾನ್ಯವಾಗಿ ಕಟ್ಟಡಕ್ಕೆ ಮಾತ್ರ, ನಿಮ್ಮ ಲ್ಯಾಪ್‌ಟಾಪ್‌ಗೂ ಪೀಠೋಪಕರಣಕ್ಕೂ ಅದು ಅನ್ವಯಿಸದು. ಬೆಲೆಬಾಳುವ ವಸ್ತುಗಳಿದ್ದರೆ ಬಾಡಿಗೆದಾರರ ವಿಮೆ ಸಿಗುತ್ತದೆಯೇ ವಿಚಾರಿಸಿ.

ಮೊದಲ ವಾರ ವಾಸವಿದ್ದಾಗ ಕೆಲವು ದೋಷಗಳು ತಾವಾಗಿ ಹೊರಬೀಳುತ್ತವೆ: ಮುಚ್ಚದ ಕಿಟಕಿ, ಸೋರುವ ಫ್ಲಶ್, ಕೆಲಸ ಮಾಡದ ಪ್ಲಗ್. ಕಂಡಂತೆ ಬರೆದಿಟ್ಟು, ವಾರದ ಕೊನೆಗೆ ಒಂದೇ ಪಟ್ಟಿಯಾಗಿ ಕಳಿಸಿ, ಯಾವ ದಿನದೊಳಗೆ ಸರಿಮಾಡಿಸುತ್ತೀರಿ ಎಂದು ಕೇಳಿ. ಆ ಪಟ್ಟಿ, ಅದಕ್ಕೆ ಬಂದ ಉತ್ತರ, ಕರಾರಿನ ಪ್ರತಿ, ಅಡ್ವಾನ್ಸ್ ರಸೀದಿ, ಮೊದಲ ದಿನದ ವಿಡಿಯೋ ಎಲ್ಲವನ್ನೂ ಒಂದೇ ಫೋಲ್ಡರಿನಲ್ಲಿ ಹಾಕಿ, ಫೋನು ಕಳೆದುಹೋದರೂ ಸಿಗುವಂಥ ಇನ್ನೊಂದು ಕಡೆಯೂ ಒಂದು ಪ್ರತಿ ಇಡಿ.